ಮೊಹರು ಒಡೆದಿಲ್ಲ, ತೂಕ ಸರಿಯಿದೆ

ಮೊಹರಪ್ಪನವರ ಮನೆಯಲ್ಲಿ ಸಕ್ಕರೆಯ ಡಬ್ಬಿಗೂ ಅರಗಿನ ಮೊಹರು ಒತ್ತಿರುತ್ತದೆ ಎಂದು ನೆರೆಹೊರೆಯವರು ಹೇಳುತ್ತಿದ್ದುದು ಶುದ್ಧ ಉತ್ಪ್ರೇಕ್ಷೆ. ಸಕ್ಕರೆಯ ಡಬ್ಬಿಗೆ ಇದ್ದದ್ದು ದಾರ ಮಾತ್ರ. ಮೊಹರು ಇದ್ದದ್ದು ಔಷಧದ ಪೆಟ್ಟಿಗೆಗೆ. ಸತ್ಯಕ್ಕೆ ಅಂಜುವ ಕಥೆಗಾರನು ಇಷ್ಟನ್ನು ಮೊದಲೇ ಸ್ಪಷ್ಟಪಡಿಸಬೇಕು. ಏಕೆಂದರೆ ಮುಂದೆ ಬರುವ ಸಂಗತಿಗಳೆಲ್ಲ ಉತ್ಪ್ರೇಕ್ಷೆಯಂತೆಯೇ ಕೇಳಿಸುತ್ತವೆ, ಮತ್ತು ಒಂದೂ ಉತ್ಪ್ರೇಕ್ಷೆಯಲ್ಲ.

ಆ ಹೆಸರು ತಂದೆತಾಯಿ ಇಟ್ಟದ್ದಲ್ಲ, ಕಚೇರಿ ಇಟ್ಟದ್ದು. ಒಂದು ದೊಡ್ಡ ಕಚೇರಿಯ ರವಾನೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕುಳಿತು, ಹೊರಗೆ ಹೋಗುವ ಲಕೋಟೆಗಳಿಗೆ ಅರಗು ಕರಗಿಸಿ ಮೊಹರು ಒತ್ತುವುದು, ಒಳಗೆ ಬರುವ ಲಕೋಟೆಗಳ ಮೊಹರನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ ಸ್ವೀಕೃತಿ ಬರೆದುಕೊಡುವುದು, ಇವೆರಡೇ ಅವರ ಜೀವಮಾನದ ಕರ್ಮಗಳಾಗಿದ್ದವು. ಲಕೋಟೆಯ ಒಳಗೆ ಏನಿದೆ ಎಂಬುದು ಆ ವಿಭಾಗಕ್ಕೆ ಸಂಬಂಧಿಸಿದ್ದಲ್ಲ, ತಿಳಿಯಬಯಸುವುದೇ ಅಪರಾಧ. "ಮೊಹರು ಒಡೆದಿಲ್ಲ, ತೂಕ ಸರಿಯಿದೆ" ಎಂಬ ನಾಲ್ಕು ಪದಗಳ ಸ್ವೀಕೃತಿಯನ್ನು ಅವರು ಎಷ್ಟು ಸಲ ಬರೆದಿದ್ದರೆಂದರೆ, ಅಷ್ಟೇ ಸಲ ಭಗವನ್ನಾಮವನ್ನು ಬರೆದಿದ್ದರೆ ಇಹದಲ್ಲಿಯೇ ಏನಾದರೂ ಕೈಗೆ ಹತ್ತುತ್ತಿತ್ತು. ನಿವೃತ್ತಿಯ ದಿನ ಕಚೇರಿಯವರು ಒಂದು ಹಳೆಯ ಹಿತ್ತಾಳೆಯ ಮೊಹರನ್ನು, ದುರುಪಯೋಗವಾಗದಿರಲೆಂದು ಅದರ ಮೇಲಿನ ಲಾಂಛನವನ್ನು ಅರದಿಂದ ಉಜ್ಜಿ ಅಳಿಸಿ, ಕಾಣಿಕೆಯಾಗಿ ಕೊಟ್ಟರು. ಅದನ್ನು ಒತ್ತಿದರೆ ಏನೂ ಮೂಡುತ್ತಿರಲಿಲ್ಲ; ಅರಗು ಚಪ್ಪಟೆಯಾಗುತ್ತಿತ್ತು, ಅಷ್ಟೆ. ಮೊಹರಪ್ಪನವರಿಗೆ ಅಷ್ಟೇ ಸಾಕಾಗಿತ್ತು.

ಅವರ ಹೆಂಡತಿಗೆ ಕಿವಿ ಮಂದವಾಗಿ ಆರು ವರ್ಷವಾಗಿತ್ತು. ಎಡಗಿವಿಗೆ ಕೂಗಿದರೂ ಕೇಳಿಸುತ್ತಿರಲಿಲ್ಲ. ಬಲಗಿವಿಗೆ ಕೂಗಿದರೆ ಕೇಳಿಸುತ್ತಿತ್ತು. ಆಕೆ ಮನೆಯಲ್ಲಿಯೇ ಹೊಲಿಗೆ ಮಾಡುತ್ತಿದ್ದರು. ತೋಳು ಎಷ್ಟು, ಕೊರಳು ಎಷ್ಟು ಎಂದು ಎರಡೆರಡು ಸಲ ಕೇಳುವವರಿಗೆ ಬಟ್ಟೆ ಕೊಡಲು ಜನಕ್ಕೆ ತಾಳ್ಮೆ ಸಾಲದೆ, ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆಡೆಗೆ ಹೊರಳಿದ್ದರು. ಕಿವಿ ಡಾಕ್ಟರು ಒಂದು ದಿನ ಆಕೆಯ ಎರಡೂ ಕಿವಿಗೆ ಯಂತ್ರ ಸಿಕ್ಕಿಸಿ ಕಾಲು ಗಂಟೆ ಕೂರಿಸಿದರು. ಆಕೆ ಮೊದಲು ಗೋಡೆಯ ಕಡೆ ತಿರುಗಿ, "ಗಡಿಯಾರ ಸದ್ದು ಮಾಡುತ್ತೆ ಅನ್ನೋದೇ ಮರೆತುಹೋಗಿತ್ತು" ಎಂದರು. ಯಂತ್ರವನ್ನು ತೆಗೆಯುವಾಗ ಆಕೆಯ ಕೈ ಒಂದು ಕ್ಷಣ ಡಾಕ್ಟರ ಕೈಯನ್ನು ತಡೆದು ಹಿಡಿಯಿತು. ಮರುಕ್ಷಣ ನಾಚಿ ಬಿಟ್ಟುಬಿಟ್ಟಿತು.

ಯಂತ್ರಗಳ ಬೆಲೆ ಕೇಳಿ ಬಂದ ಸಂಜೆ ಆಕೆ ಕಪಾಟಿನಿಂದ ತಮ್ಮ ತಂದೆಯ ಕ್ಯಾಮೆರಾವನ್ನು ತೆಗೆದು ಮೇಜಿನ ಮೇಲಿಟ್ಟರು. ತಂದೆ ಸ್ಟುಡಿಯೋ ನಡೆಸಿದವರು. ಅಂಥ ಕ್ಯಾಮೆರಾಗಳು ಈಗ ತಯಾರಾಗುವುದಿಲ್ಲವಾದ್ದರಿಂದ, ಹಂಬಲಿಸಿ ಕೊಳ್ಳುವವರು ಹೆಚ್ಚಾಗಿದ್ದರು.

ಆಕೆಯ ತಮ್ಮ ಫೋನಿನಲ್ಲಿ ಬೆಲೆ ನೋಡಿ ಹೇಳಿದ: "ಭಾವ, ಇದು ಸರಿಯಾಗಿ ಮಾರಿದ್ರೆ ಎರಡು ಕಿವಿ."

ಅಂದಿನಿಂದ ಆ ಮನೆಯಲ್ಲಿ, ಕ್ರಮೇಣ ನೆರೆಹೊರೆಯಲ್ಲೂ, ಹಣವನ್ನು ಕಿವಿಯ ಲೆಕ್ಕದಲ್ಲಿಯೇ ಎಣಿಸುವ ರೂಢಿಯಾಯಿತು.

ಮಾರಾಟಕ್ಕೆ ಮುನ್ನ ಮೊಹರಪ್ಪನವರು ಹದಿನೈದು ದಿನ ಅಧ್ಯಯನ ಮಾಡಿದರು. ಪತ್ರಿಕೆಗಳಲ್ಲಿ ಬಂದ ವಂಚನೆಯ ಸುದ್ದಿಗಳನ್ನೆಲ್ಲ ಕತ್ತರಿಸಿ ಅಂಟಿಸಿ, ನಲವತ್ತೊಂದು ನಿಯಮಗಳ ಒಂದು ಪುಸ್ತಕವನ್ನೇ ಸಿದ್ಧಪಡಿಸಿದರು. ಹಣ ಬಂದಿದೆಯೆಂಬ ಚಿತ್ರ ಹಣವಲ್ಲ. ಅಪರಿಚಿತರು ಕಳಿಸಿದ ಕೊಂಡಿಯನ್ನು ಒತ್ತಬಾರದು. ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬಾರದು, ಎಲ್ಲಿಯೂ ಬರೆದಿಡಬಾರದು. ಈ ಕೊನೆಯ ನಿಯಮ ಅವರಿಗೆ ಎಷ್ಟು ಹಿಡಿಸಿತೆಂದರೆ, ಕ್ಯಾಮೆರಾದ ಮೇಲೆ ಕೆತ್ತಿದ್ದ ತಯಾರಿಕೆಯ ಸಂಖ್ಯೆಗೂ ಕಪ್ಪು ಪಟ್ಟಿ ಅಂಟಿಸಿ, ಆಮೇಲೆಯೇ ಜಾಹೀರಾತಿನ ಫೋಟೋ ತೆಗೆಯಲು ಭಾವಮೈದುನನಿಗೆ ಅನುಮತಿ ಕೊಟ್ಟರು.

ಮೊದಲು ಬಂದವನು ಎರಡು ಬೀದಿಯಾಚೆಯ ಸ್ಟುಡಿಯೋದವನು. ಜಾಹೀರಾತು ನೋಡಿ ನಡೆದೇ ಬಂದಿದ್ದ. ಕ್ಯಾಮೆರಾವನ್ನು ಎತ್ತಿಕೊಳ್ಳುವ ಮೊದಲು ಅಂಗಿಗೆ ಕೈ ಒರೆಸಿಕೊಂಡ.

"ಇದನ್ನ ನಿಮ್ಮ ತಂದೆಯವರ ಕೈಯಲ್ಲಿ ನೋಡಿದ್ದೀನಿ," ಎಂದ, ಆಕೆಯ ಬಲಗಿವಿಯ ಹತ್ತಿರ ಬಾಗಿ, ಗಟ್ಟಿಯಾಗಿ. "ನನ್ನ ಮೊದಲನೇ ಪಾಠ ಅವರ ಹತ್ರಾನೇ ಆಗಿದ್ದು. ಒಂದೂವರೆ ಕಿವಿಯಷ್ಟು ಕೊಡ್ತೀನಿ. ಈಗಲೇ, ಕೈಯಲ್ಲಿ."

"ಗುರುತಿನ ಚೀಟಿ ತಂದಿದ್ದೀರಾ?" ಎಂದರು ಮೊಹರಪ್ಪನವರು.

"ದಿನಾ ನನ್ನ ಅಂಗಡಿ ಮುಂದೇನೇ ಓಡಾಡ್ತೀರಲ್ಲ ಸರ್."

"ಓಡಾಡೋದು ಬೇರೆ, ಗುರುತು ಬೇರೆ. ಚೀಟಿ, ಅದರ ಎರಡು ಪ್ರತಿ, ವಾಸದ ಪುರಾವೆ, ಒಬ್ಬ ಗಣ್ಯರಿಂದ ನಡತೆ ಪತ್ರ, ಮತ್ತೆ ಈ ವಸ್ತು ನಿಮಗೆ ಯಾತಕ್ಕೆ ಬೇಕು ಅಂತ ಒಂದು ಅರ್ಜಿ. ಇಷ್ಟು ತನ್ನಿ. ಆಮೇಲೆ ಮಾತು."

ಸ್ಟುಡಿಯೋದವನು ಕ್ಯಾಮೆರಾವನ್ನು ಮೆಲ್ಲನೆ ಮೇಜಿನ ಮೇಲಿಟ್ಟ. "ನಾನು ಕ್ಯಾಮೆರಾ ಕೇಳೋಕೆ ಬಂದೆ ಸರ್, ಹೆಣ್ಣು ಕೇಳೋಕಲ್ಲ."

"ಹೆಣ್ಣು ಕೊಡೋವಾಗ ಜನ ಇಷ್ಟು ಕೇಳದೇ ಇರೋದರಿಂದಲೇ ಲೋಕ ಹೀಗಿದೆ," ಎಂದರು ಮೊಹರಪ್ಪನವರು.

ಹೆಂಡತಿಗೆ ಈ ಮಾತುಕತೆಯ ಕಾಲುಭಾಗವಷ್ಟೇ ಕೇಳಿಸಿತ್ತು. ಆದರೆ ಬಂದವನು ಅಂಗಿಗೆ ಕೈ ಒರೆಸಿಕೊಂಡದ್ದು ಕಾಣಿಸಿತ್ತು. ಆಕೆ ಗಂಡನಿಗೆ ಹೇಳಿದರು: "ಇವರಿಗೇ ಕೊಟ್ಟುಬಿಡಿ ಅಂದ್ರೆ."

"ನಿನಗೆ ಗೊತ್ತಾಗಲ್ಲ, ಸುಮ್ಮನಿರು," ಎಂದರು ಮೊಹರಪ್ಪನವರು. ಸ್ಟುಡಿಯೋದವನು ಹೊರಟುಹೋದ.

ಮರುವಾರ ಒಬ್ಬ ನಿಜವಾದ ಕಳ್ಳ ಫೋನು ಮಾಡಿದ. ತಾನು ದೂರದೂರಿನಲ್ಲಿರುವ ಅಧಿಕಾರಿಯೆಂದೂ, ಕಳಿಸಿರುವ ಚೌಕಾಕಾರದ ಗುರುತಿಗೆ ಫೋನು ಹಿಡಿದರೆ ಹಣ ತಾನಾಗಿ ಬಂದು ಬೀಳುತ್ತದೆಂದೂ ಹೇಳಿದ. ಮೊಹರಪ್ಪನವರು ಪುಸ್ತಕ ತೆರೆದು, ಹನ್ನೆರಡನೆಯ ನಿಯಮವನ್ನು ಆರಂಭದಿಂದ ಅಂತ್ಯದವರೆಗೆ ಅವನಿಗೆ ಓದಿ ಹೇಳಿದರು. ಮಧ್ಯದಲ್ಲಿಯೇ ಅವನು ಫೋನು ಇಟ್ಟ. ಇವರು ಓದಿ ಮುಗಿಸಿದರು.

ಆ ದಿಗ್ವಿಜಯದ ವಾರ್ತೆ ಕಟ್ಟಡದಲ್ಲೆಲ್ಲ ಹಬ್ಬಿತು. ಒಂದೇ ಉದ್ದನೆಯ ಪಡಸಾಲೆಗೆ ಬಾಗಿಲು ತೆರೆದ ಆರು ಮನೆಗಳ ಆ ಮಹಡಿಯಲ್ಲಿ ಸುದ್ದಿಗೆ ಕಾಲು ಬೇಕಿರಲಿಲ್ಲ. ಎದುರು ಮನೆಯ ನಿವೃತ್ತ ಟೀಚರಮ್ಮ ತಾವಾಗಿಯೇ ಬಂದು, "ಭಾನುವಾರ ತಾರಸಿ ಮೇಲೆ ಎಲ್ಲರಿಗೂ ನಾಲ್ಕು ಮಾತು ಹೇಳಿ. ನಮ್ಮಂಥವರು ಮೋಸ ಹೋಗೋದು ತಪ್ಪುತ್ತೆ" ಎಂದರು. ಮೊಹರಪ್ಪನವರು ನಾಲ್ಕು ಮಾತಿಗೆ ಬದಲು ಎರಡು ಗಂಟೆ ಹೇಳಿದರು. ಕೊನೆಯಲ್ಲಿ ಎಚ್ಚರವಾಗಿದ್ದವರು ಟೀಚರಮ್ಮ ಮತ್ತು ಮೊಹರಪ್ಪನವರ ಹೆಂಡತಿ ಇಬ್ಬರೇ; ಹೆಂಡತಿಗೆ ಅದು ಕೇಳಿಸುತ್ತಿರಲಿಲ್ಲವೆಂಬುದು ಬೇರೆ ಮಾತು. ಮನುಷ್ಯನಿಗೆ ವಿಧಿಯು ದೊಡ್ಡ ಸೋಲನ್ನು ಕೊಡಬೇಕೆಂದಿದ್ದಾಗ ಮುಂಗಡವಾಗಿ ಒಂದು ಸಣ್ಣ ಗೆಲುವನ್ನು ಕೊಟ್ಟಿರುತ್ತದೆಯೆಂದು ಹಿರಿಯರು ಹೇಳುವುದು ಸುಳ್ಳಲ್ಲ.

ಆಮೇಲೆ ಬಂದವನೇ ಸಜ್ಜನ. ಅವನಿಗೆ ಬೇರೆ ಹೆಸರು ಆ ಮನೆಯಲ್ಲಿ ಬಳಕೆಗೆ ಬರಲಿಲ್ಲ; ಮೊಹರಪ್ಪನವರೇ ಹಾಗೆ ಕರೆದದ್ದು. ಅವನು ಗುಪ್ತ ಸಂಖ್ಯೆ ಕೇಳಲಿಲ್ಲ, ಕೊಂಡಿ ಕಳಿಸಲಿಲ್ಲ, ಒಂದು ಕಾಸು ಚೌಕಾಸಿ ಮಾಡಲಿಲ್ಲ. ಪೂರ್ತಿ ಎರಡು ಕಿವಿಯ ಬೆಲೆಯನ್ನು ಮಾರಾಟದ ಕಂಪನಿಯಲ್ಲಿ ಮೊದಲೇ ಕಟ್ಟಿದ. ಕ್ಯಾಮೆರಾ ತಲುಪಿದ ಏಳು ದಿನದ ಮೇಲೆ ಕಂಪನಿ ಆ ಹಣವನ್ನು ಇವರಿಗೆ ಕೊಡುವುದು, ಅಷ್ಟರೊಳಗೆ ವಸ್ತುವಿನಲ್ಲಿ ದೋಷ ಕಂಡರೆ ಕೊಂಡವನು ಹಿಂದಿರುಗಿಸಬಹುದು ಎಂಬುದು ಕಂಪನಿಯ ಕಟ್ಟಳೆ. ನಲವತ್ತೊಂದು ನಿಯಮಗಳಲ್ಲಿ ಒಂದನ್ನೂ ಮುರಿಯದ ಮನುಷ್ಯನನ್ನು ಮೊಹರಪ್ಪನವರು ಅದೇ ಮೊದಲು ನೋಡಿದ್ದು.

"ಸರ್, ನೀವು ಕಚೇರಿಯಲ್ಲಿ ಇದ್ದವರು ಅಂತ ನಿಮ್ಮ ಬರವಣಿಗೆ ನೋಡಿದ್ರೇನೇ ಗೊತ್ತಾಗುತ್ತೆ," ಎಂದ ಸಜ್ಜನ ಫೋನಿನಲ್ಲಿ. "ಈಗಿನ ಕಾಲದಲ್ಲಿ ಇಂಥ ಶಿಸ್ತು ಎಲ್ಲಿದೆ ಸರ್?"

ಆ ರಾತ್ರಿ ಮೊಹರಪ್ಪನವರು ಎರಡು ಸಲ ಆ ವಾಕ್ಯವನ್ನು ಹೆಂಡತಿಗೆ ಕೂಗಿ ಹೇಳಿದರು.

ಪೆಟ್ಟಿಗೆ ಕಟ್ಟುವ ದಿನ ಮಹಡಿಯ ಏಳು ಜನರನ್ನು ಸಾಕ್ಷಿಗಳಾಗಿ ಕರೆದಿದ್ದರು. ಎಲ್ಲರೂ ಪಡಸಾಲೆಯಲ್ಲಿ ಕಾಯುತ್ತಿದ್ದಾಗ ಮೊಹರಪ್ಪನವರು ಒಳಗೆ ಬಾಗಿಲು ಹಾಕಿಕೊಂಡು, ಒಬ್ಬರೇ ಕ್ಯಾಮೆರಾವನ್ನು ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಮುಚ್ಚಿ, ದಾರ ಬಿಗಿದರು. ಆಮೇಲೆ ಬಾಗಿಲು ತೆರೆದು ಸಾಕ್ಷಿಗಳನ್ನು ಒಳಗೆ ಬಿಟ್ಟರು.

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು, "ಒಂದ್ಸಲ ತೆರೆದು ತೋರಿಸಿ. ಏನಕ್ಕೆ ಸಾಕ್ಷಿ ಹಾಕ್ತಿದ್ದೀವಿ ಅಂತ ನಮಗೂ ಗೊತ್ತಾಗಲಿ" ಎಂದರು.

"ಟೀಚರಮ್ಮ, ಸಾಕ್ಷಿ ಹಾಕೋದು ಮೊಹರಿಗೆ. ಮಾಲಿಗಲ್ಲ. ಮಾಲು ಗೋಪ್ಯ. ಮೂವತ್ತೊಂದು ವರ್ಷ ಇದೇ ಪದ್ಧತಿ."

"ಗೋಪ್ಯ ಏನು ಬಂತು? ಫೋನಲ್ಲಿ ಲೋಕಕ್ಕೆಲ್ಲ ತೋರಿಸಿದ್ದೀರಿ."

"ಕಂಡವರ ಕಣ್ಣು ಕಳ್ಳನಿಗೆ ದಾರಿ," ಎಂದು ಮೊಹರಪ್ಪನವರು ಗಾದೆಯೊಂದನ್ನು ಅಲ್ಲಿಯೇ ಹುಟ್ಟಿಸಿ ಮೇಣದ ಬತ್ತಿ ಹಚ್ಚಿದರು.

ಆಗ ಹೆಂಡತಿ ಮುಂದೆ ಬಂದರು. ಮಾತು ಕೇಳಿಸದವರು ಕೈ ಕೆಲಸವನ್ನು ಹೆಚ್ಚು ನೋಡುತ್ತಾರೆ. "ಒಳಗಿರೋದನ್ನ ಇವರಿಗೆಲ್ಲ ತೋರಿಸಿ ಆಮೇಲೆ ಮುಚ್ಚಿ ಅಂದ್ರೆ. ಬಟ್ಟೆ ಕೊಡೋವಾಗ ನಾನು ಬಿಡಿಸಿ ತೋರಿಸಿಯೇ ಮಡಚಿ ಕೊಡೋದು."

"ಇದು ರವಿಕೆ ಅಲ್ಲ," ಎಂದರು ಮೊಹರಪ್ಪನವರು, ಆಕೆಗೆ ಕೇಳಿಸದಷ್ಟು ಮೆಲ್ಲಗೆ, ಉಳಿದವರಿಗೆಲ್ಲ ಕೇಳಿಸುವಷ್ಟು ಜೋರಾಗಿ. ಕೆಲವರು ನಕ್ಕರು.

ತುಪ್ಪಕ್ಕೆ ಪಾತ್ರೆ ಆಧಾರವೋ, ಪಾತ್ರೆಗೆ ತುಪ್ಪ ಆಧಾರವೋ ಎಂದು ನಿರ್ಣಯಿಸಲು ತಾರ್ಕಿಕನೊಬ್ಬ ಪಾತ್ರೆಯನ್ನೇ ಬೋರಲು ಹಾಕಿದನಂತೆ. ಅವನಿಗೆ ಕೊನೆಗೆ ತುಪ್ಪವಾದರೂ ನೆಲದ ಮೇಲೆ ಕಾಣಿಸಿತು. ನಮ್ಮ ಮೊಹರಪ್ಪನವರು ಅವನಿಗಿಂತ ಒಂದು ಹೆಜ್ಜೆ ಮುಂದೆ: ಪಾತ್ರೆಯು ಭದ್ರವಾಗಿದ್ದ ಮೇಲೆ ತುಪ್ಪದ ಪ್ರಶ್ನೆಯೇ ಉದಿಸದು ಎಂಬ ಮತದವರು. ಐದು ಕಡೆ ಅರಗು ಸುರಿದರು; ಐದು ಕಡೆಯೂ ಏನೂ ಮೂಡದ ಮೊಹರನ್ನು ಒತ್ತಿದರು. ಭಾವಮೈದುನ ಪೆಟ್ಟಿಗೆಯ ಆರು ಮುಖಗಳ ಇಪ್ಪತ್ತೆಂಟು ಫೋಟೋ ತೆಗೆದ. ಏಳು ಜನ ಸಹಿ ಮಾಡಿದರು. ಕೊರಿಯರ್ ಕಚೇರಿಯಲ್ಲಿ ತೂಗಿದಾಗ ಒಂದು ಕಿಲೋ ಇನ್ನೂರ ನಲವತ್ತಾರು ಗ್ರಾಂ ಬಂತು. ಆ ತೂಕದ ಚೀಟಿಯ ಚಿತ್ರವನ್ನೂ, ಫೋಟೋಗಳನ್ನೂ, ಸಾಕ್ಷಿಪತ್ರವನ್ನೂ ಮೊಹರಪ್ಪನವರು ಸಜ್ಜನನಿಗೆ ಕಳಿಸಿದರು. ನನ್ನನ್ನು ಮೋಸಗೊಳಿಸುವುದು ಸುಲಭವಲ್ಲ ಎಂಬ ಅರ್ಥ ಬರುವಂತೆ, ಆದರೆ ಸಭ್ಯವಾದ ಮಾತಿನಲ್ಲಿ.

ಐದನೆಯ ದಿನ ಸಜ್ಜನನ ಫೋನು ಬಂತು. ದನಿ ತೀರ ನೊಂದಿತ್ತು.

"ಸರ್, ಹೇಳೋಕೇ ಸಂಕೋಚ ಆಗುತ್ತೆ. ಲೆನ್ಸ್ ಒಳಗೆ ಬೂಷ್ಟು ಹಿಡಿದಿದೆ. ನಿಮ್ಮದೇನೂ ತಪ್ಪಿಲ್ಲ ಸರ್, ಹಳೇ ವಸ್ತು. ವಾಪಸ್ ಕಳಿಸ್ತೀನಿ."

ಮೊಹರಪ್ಪನವರಿಗೆ ಎರಡು ಕಿವಿಯೂ ಒಮ್ಮೆಲೇ ಉದುರಿದಂತಾಯಿತು. ಆದರೂ ಧೈರ್ಯ ತಂದುಕೊಂಡು, "ಸರಿಯಾದ ಕ್ರಮದಲ್ಲಿ ಕಳಿಸಬೇಕು" ಎಂದರು.

"ನೀವು ಕಳಿಸಿದ ಹಾಗೇ ಸರ್. ಅರಗು ತಂದು ಮೊಹರು ಹಾಕಿಯೇ ಕಳಿಸ್ತೀನಿ. ದೊಡ್ಡವರ ವಸ್ತು. ತೂಕ ಎಷ್ಟಿತ್ತು ಅಂದ್ರಿ ಸರ್? ನಿಮಗೆ ಅನುಮಾನಕ್ಕೆ ಎಡೆ ಇರಬಾರದು ನೋಡಿ."

"ಒಂದು ಕಿಲೋ ಇನ್ನೂರ ನಲವತ್ತಾರು. ಪೆಟ್ಟಿಗೆ, ಹತ್ತಿ, ದಾರ, ಅರಗು ಎಲ್ಲ ಸೇರಿ."

"ಬರ್ಕೊಂಡೆ ಸರ್. ದಾರದ ಗಂಟು ಒಂದು ನನಗೆ ಬರ್ತಾ ಇಲ್ಲ."

ಮೊಹರಪ್ಪನವರು ರವಾನೆ ವಿಭಾಗದ ಗಂಟನ್ನು ನಾಲ್ಕು ಹಂತಗಳಲ್ಲಿ ಚಿತ್ರ ಬರೆದು ಕಳಿಸಿದರು. ಇಂಥ ಶಿಷ್ಯ ತಮ್ಮ ಮೂವತ್ತೊಂದು ವರ್ಷದಲ್ಲಿ ಒಬ್ಬನೂ ಸಿಗಲಿಲ್ಲವಲ್ಲ ಎಂದು ಅವರಿಗೆ ನಿಜವಾಗಿಯೂ ಕಣ್ಣು ಒದ್ದೆಯಾಯಿತು.

ಪೆಟ್ಟಿಗೆ ಬಂದ ದಿನ ಕೊರಿಯರ್‌ನವನು ಬಾಗಿಲಲ್ಲಿ ನಿಂತು, "ಸರ್, ವಾಪಸ್ ಬಂದಿರೋ ಮಾಲು. ಬಿಚ್ಚಿ ನೋಡಿ ಸೈನ್ ಹಾಕಿ, ನಾನು ಕಾಯ್ತೀನಿ. ನೀವು ಸರಿ ಇದೆ ಅಂತ ಸೈನ್ ಹಾಕಿದ ತಕ್ಷಣ ಅವರಿಗೆ ದುಡ್ಡು ವಾಪಸ್ ಹೋಗುತ್ತೆ" ಎಂದ. ಈ ಕಥೆಯಲ್ಲಿ ಇಷ್ಟು ಸ್ಪಷ್ಟವಾಗಿ ಸತ್ಯ ನುಡಿದ ಅಪರಿಚಿತ ಇವನೊಬ್ಬನೇ. ಮೊಹರಪ್ಪನವರು ಅವನನ್ನು ಕರುಣೆಯಿಂದ ನೋಡಿದರು.

"ಮೊಹರು ಒಡೆದ ಮೇಲೆ ಮೊಹರು ಒಡೆದಿಲ್ಲ ಅಂತ ಹೇಗಪ್ಪ ಬರೆಯೋದು?"

ಈ ಪ್ರಶ್ನೆಗೆ ಪಂಡಿತರ ಸಭೆಯಲ್ಲಿಯೂ ಉತ್ತರ ಸಿಗುತ್ತಿರಲಿಲ್ಲ.

ಮೊಹರಪ್ಪನವರು ಭೂತಗನ್ನಡಿ ಹಿಡಿದು ಐದು ಮೊಹರುಗಳನ್ನೂ ಪರೀಕ್ಷಿಸಿದರು. ಅರಗು ಒಂದು ಕೂದಲೆಳೆಯಷ್ಟೂ ಬಿರಿದಿರಲಿಲ್ಲ. ಗಂಟು ಅವರದಕ್ಕಿಂತ ಅಚ್ಚುಕಟ್ಟಾಗಿತ್ತು. ಅದಕ್ಕೆಂದೇ ಕೊಂಡಿದ್ದ ಹೊಸ ತಕ್ಕಡಿಯಲ್ಲಿ ಪೆಟ್ಟಿಗೆಯನ್ನಿಟ್ಟರು. ಒಂದು ಕಿಲೋ ಇನ್ನೂರ ನಲವತ್ತಾರು. ಪಡಸಾಲೆಯಲ್ಲಿ ನಿಂತಿದ್ದವರ ಕಡೆಗೆ ತಿರುಗಿ, "ನೋಡಿದಿರಾ" ಎಂದರು. ಎಲ್ಲರೂ ನೋಡಿದರು.

ಹೆಂಡತಿ ಹೊಲಿಗೆಯ ಮಿಷನ್ನಿನಿಂದ ಎದ್ದು ಬಂದರು. "ಬಿಚ್ಚಿ ನೋಡಿ ಸೈನ್ ಹಾಕಿ ಅಂದ್ರೆ."

ಕೊರಿಯರ್‌ನವನು ಆಕೆಯನ್ನು ಕೃತಜ್ಞತೆಯಿಂದ ನೋಡಿದ. ಅಷ್ಟರಲ್ಲಿ ಮೊಹರಪ್ಪನವರ ಬೆರಳು ಅವನ ಯಂತ್ರದ ಮೇಲೆ ನಾಲ್ಕು ಪದಗಳನ್ನು ಬರೆದು ಕೆಳಗೆ ಸಹಿಯನ್ನೂ ಮಾಡಿ ಮುಗಿಸಿತ್ತು.

ಇಲ್ಲಿಗೆ ಪೆಟ್ಟಿಗೆಯನ್ನು ಬಿಚ್ಚಿದರೆಂದು ಓದುಗರು ಊಹಿಸಿದರೆ ಅವರು ಮೊಹರಪ್ಪನವರನ್ನು ಇನ್ನೂ ಅರಿತಿಲ್ಲ. ಅಷ್ಟು ಸುಂದರವಾದ ಮೊಹರನ್ನು ಒಡೆಯಲು ಅವರಿಗೆ ಮನಸ್ಸು ಬರಲಿಲ್ಲ. ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟು, ಬಂದವರಿಗೆಲ್ಲ ತೋರಿಸಿದರು. ಭಾನುವಾರ ತಾರಸಿಯ ಮೇಲೆ ಎರಡನೆಯ ಉಪನ್ಯಾಸ ನಡೆದಾಗ ಅದನ್ನು ಮೇಜಿನ ಮೇಲಿಟ್ಟು, "ಪ್ರಾಮಾಣಿಕ ಗಿರಾಕಿ ಅಂದ್ರೆ ಹೀಗಿರ್ತಾನೆ" ಎಂದರು. ವ್ಯವಹಾರ ಮುರಿದುಹೋದದ್ದರ ದುಃಖ ಅವರಿಗೆ ಇರಲಿಲ್ಲವೆಂದಲ್ಲ. ಅದು ಕ್ರಮಬದ್ಧವಾಗಿ ಮುರಿದಿತ್ತೆಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು. ಹೆಂಡತಿ ಮಾತ್ರ ದಿನಕ್ಕೊಮ್ಮೆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೋಗುತ್ತಿದ್ದರು. ಒಳಗೆ ತಂದೆಯ ಕ್ಯಾಮೆರಾ ಇದೆಯೆಂದು ಆಕೆಗೂ ನಂಬಿಕೆಯಿತ್ತು.

ಒಂಬತ್ತನೆಯ ದಿನ ಸ್ಟುಡಿಯೋದವನು ಮತ್ತೆ ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಕೈಯಲ್ಲಿ ಒಂದು ಕಡತ ಹಿಡಿದಿದ್ದ.

"ವಾಪಸ್ ಬಂತು ಅಂತ ಕೇಳಿದೆ ಸರ್. ಗುರುತಿನ ಚೀಟಿ, ಎರಡು ಪ್ರತಿ, ವಾಸದ ಪುರಾವೆ. ನಡತೆ ಪತ್ರ ಸ್ಕೂಲಿನ ಹೆಡ್‌ಮಾಸ್ಟರ್ ಕೊಟ್ಟಿದ್ದಾರೆ. ಅರ್ಜಿಯಲ್ಲಿ 'ನನ್ನ ಗುರುಗಳ ನೆನಪಿಗೆ' ಅಂತ ಬರೆದಿದ್ದೀನಿ, ಬೇರೆ ಕಾರಣ ತೋಚಲಿಲ್ಲ. ಬೂಷ್ಟು ಇದ್ರೂ ಚಿಂತೆ ಇಲ್ಲ, ನಾನೇ ತೆಗೀತೀನಿ. ಅಂಗಡಿಯ ಎರಡು ದೀಪ ಮಾರಿದೆ. ಎರಡು ಕಿವಿಯಷ್ಟೇ ಕೊಡ್ತೀನಿ."

ಭಾವಮೈದುನ ಅಕ್ಕನ ಬಲಗಿವಿಯಲ್ಲಿ ಅದನ್ನು ಕೂಗಿದ. ಆಕೆ ಸೆರಗಿನ ತುದಿಯಿಂದ ಮೇಜು ಒರೆಸಿದರು.

ಮೊಹರಪ್ಪನವರು ಇಪ್ಪತ್ತು ನಿಮಿಷ ಕಾಗದಗಳನ್ನು ಪರಿಶೀಲಿಸಿದರು. ಒಂದು ಪ್ರತಿಯಲ್ಲಿ ಮೊಹರು ಮಸುಕಾಗಿದೆಯೆಂದು ಆಕ್ಷೇಪಿಸಿ, ದೊಡ್ಡ ಮನಸ್ಸು ಮಾಡಿ ಮನ್ನಿಸಿದರು. ಟೀಚರಮ್ಮನೂ ಉಳಿದ ಸಾಕ್ಷಿಗಳೂ ಬಂದು ನಿಂತರು. ಆಮೇಲೆ ಕತ್ತರಿ ತರಿಸಿ, ಐದು ಮೊಹರುಗಳನ್ನು ಒಂದೊಂದಾಗಿ, ನೋವಿನಿಂದ, ಒಡೆದರು.

ಹತ್ತಿಯ ನಡುವೆ ಬಟ್ಟೆ ಸೋಪಿನ ಮೂರು ಬಿಲ್ಲೆಗಳಿದ್ದವು. ತೂಕಕ್ಕೆ ಸ್ವಲ್ಪ ಕೊರತೆ ಬಿದ್ದಿರಬೇಕು. ಒಂದು ಬಿಲ್ಲೆಯಲ್ಲಿ ಆರು ಮೊಳೆಗಳನ್ನು ಚುಚ್ಚಿ, ಗ್ರಾಂ ಲೆಕ್ಕ ಸರಿಮಾಡಲಾಗಿತ್ತು.

ಸ್ಟುಡಿಯೋದವನು ತನ್ನ ಕಡತವನ್ನು ನಿಧಾನವಾಗಿ ಮಡಚಿದ.

"ಕ್ಯಾಮೆರಾ ಎಲ್ಲಿ?" ಎಂದರು ಹೆಂಡತಿ.

ಮೊಹರಪ್ಪನವರು ಮೊದಲು ಕೊರಿಯರ್‌ನವರನ್ನು ಬೈದರು. ಬರುವಾಗ ಮೊಹರು ಒಡೆದಿರಲಿಲ್ಲವಾದ್ದರಿಂದ ಅದು ನಿಲ್ಲಲಿಲ್ಲ. ಆಮೇಲೆ ಜಾಹೀರಾತು ಹಾಕಿದ ಭಾವಮೈದುನನನ್ನು ಬೈದರು. ಸಾಕ್ಷಿಗಳು ಸರಿಯಾಗಿ ನೋಡಿ ಸಹಿ ಹಾಕಲಿಲ್ಲವೆಂದು ಟೀಚರಮ್ಮನಿಗೂ ಎರಡು ಮಾತು ಅಂದರು. ಸಜ್ಜನನಿಗೆ ಹನ್ನೊಂದು ಸಲ ಫೋನು ಮಾಡಿದರು. ಆ ಸಂಖ್ಯೆಯೇ ಬಳಕೆಯಲ್ಲಿ ಇಲ್ಲವೆಂದು ಒಂದು ಹೆಣ್ಣುದನಿ ಹನ್ನೊಂದು ಸಲವೂ ಬೇಸರಿಸದೆ ಹೇಳಿತು. ಮಾರಾಟದ ಕಂಪನಿಯ ಹುಡುಗಿ ಅದಕ್ಕಿಂತಲೂ ವಿನಯವಾಗಿ ಮಾತಾಡಿದಳು.

"ನೀವು ಕಳಿಸಿದ ತೂಕ, ವಾಪಸ್ ಬಂದ ತೂಕ ಎರಡೂ ಒಂದೇ ಇದೆ ಸರ್. ಸರಿ ಇದೆ ಅಂತ ಸಹಿಯೂ ನಿಮ್ಮದೇ. ನಮ್ಮ ಕಡೆಯಿಂದ ಈ ದೂರು ಮುಗಿದಿದೆ. ನನ್ನ ಸೇವೆಗೆ ಐದಕ್ಕೆ ಎಷ್ಟು ಅಂಕ ಕೊಡ್ತೀರಿ ಸರ್?"

ಪೊಲೀಸ್ ಠಾಣೆಗೆ ಅವರು ನಲವತ್ಮೂರು ಪುಟಗಳ ಕಡತ ಒಯ್ದರು. ಟೀಚರಮ್ಮನನ್ನೂ ಭಾವಮೈದುನನನ್ನೂ ಜೊತೆಗೆ ಕರೆದೊಯ್ದರು. ಅಧಿಕಾರಿ ಕೆಟ್ಟವನಲ್ಲ. ಒಂದೊಂದು ಪುಟವನ್ನೂ ಓದಿದ. ಅದೇ ಕಷ್ಟವಾಯಿತು.

"ಪೆಟ್ಟಿಗೆಯ ಫೋಟೋ ಇಪ್ಪತ್ತೆಂಟು ಇದೆ. ಗಂಟಿನ ಚಿತ್ರ ನಾಲ್ಕು. ಅರಗಿನ ಅಂಗಡಿ ರಸೀದಿ ಒಂದು. ಚೆನ್ನಾಗಿಟ್ಟಿದ್ದೀರಿ. ಪೆಟ್ಟಿಗೆಯೊಳಗೆ ಕ್ಯಾಮೆರಾ ಇಟ್ಟಿದ್ದಕ್ಕೆ ಏನಿದೆ?"

"ಏಳು ಜನ ಸಾಕ್ಷಿಗಳು."

ಅಧಿಕಾರಿ ಟೀಚರಮ್ಮನ ಕಡೆ ತಿರುಗಿದ. "ನೀವು ಏನು ನೋಡಿದ್ರಿ ಅಮ್ಮ?"

"ಪೆಟ್ಟಿಗೆ."

"ಒಳಗೆ?"

"ತೆರೆದು ತೋರಿಸಿ ಅಂತ ಕೇಳಿದೆ. ಗೋಪ್ಯ ಅಂದ್ರು," ಎಂದು ಟೀಚರಮ್ಮ ಸೊಲ್ಲು ಮುಗಿಸಿ, "ಮೂವತ್ತೊಂದು ವರ್ಷದ ಪದ್ಧತಿಯಂತೆ" ಎಂದು ಸೇರಿಸಿದರು. ನಲವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವರು. ಅಂಕ ಕಳೆಯುವುದು ಅವರಿಗೆ ಗೊತ್ತಿತ್ತು.

"ಹೋಗಲಿ, ಕ್ಯಾಮೆರಾ ಮೇಲೆ ಒಂದು ನಂಬರ್ ಇರುತ್ತೆ. ಅದು ಹೇಳಿ. ಎಲ್ಲಾದ್ರೂ ಮಾರೋಕೆ ಬಂದ್ರೆ ಹಿಡೀಬಹುದು."

"ಅದಕ್ಕೆ ಕಪ್ಪು ಪಟ್ಟಿ ಹಚ್ಚಿದ್ದೆ."

"ಬರೆದಿಟ್ಟುಕೊಂಡಿರ್ತೀರಲ್ಲ?"

"ಸಂಖ್ಯೆಗಳನ್ನ ಎಲ್ಲಿಯೂ ಬರೆದಿಡಬಾರದು," ಎಂದರು ಮೊಹರಪ್ಪನವರು. ಅವರ ದನಿ ತಾರಸಿಯ ಮೇಲಿನ ದನಿಯಾಗಿರಲಿಲ್ಲ.

ಅಧಿಕಾರಿ ಕಡತವನ್ನು ಮುಚ್ಚಿದ. ಮುಚ್ಚುವ ಮೊದಲು ಅವನ ಬೆರಳು ಒಂದು ಪುಟದ ಮೇಲೆ ನಿಂತಿತು. "ಸರ್, ಬೇಜಾರು ಮಾಡ್ಕೋಬೇಡಿ. ಈ ಕಾಗದ ಎಲ್ಲ ಆ ಕಡೆಯವನ ಕೈಗೆ ಸಿಕ್ರೆ, ಅವನೇ ನಿಮ್ಮ ಮೇಲೆ ಕೇಸ್ ಹಾಕಬಹುದು. ನೀವು ಕಳಿಸಿದ್ದೇ ಸೋಪು ಅಂತ. ಅದಕ್ಕೆ ಬೇಕಾದ ಪುರಾವೆ ಎಲ್ಲ ಇದರಲ್ಲಿ ಕ್ರಮವಾಗಿದೆ." ಆಮೇಲೆ ಮರುಕದಿಂದ ಹೇಳಿದ: "ದೂರು ತಗೋತೀನಿ. ಆ ಸೋಪು ನಾಳೆ ತನ್ನಿ. ಹೇಗಿತ್ತೋ ಹಾಗೇ, ಮುಟ್ಟದೆ."

ಹೊರಗೆ ಬಂದಾಗ ಭಾವಮೈದುನ, "ಭಾವ, ಆಟೋ ಕರೀಲಾ?" ಎಂದ. ಮೊಹರಪ್ಪನವರು ಬೇಡವೆಂದರು. ದೇಹವನ್ನೇ ತಾನೆಂದು ನಂಬಿ, ಜೀವಮಾನವೆಲ್ಲ ಅದನ್ನೇ ಒರೆಸಿ, ಸಿಂಗರಿಸಿ, ಕಾವಲು ಕಾದು, ಒಳಗಿದ್ದವನು ಯಾವಾಗ ಹೊರಟುಹೋದನೆಂದೇ ತಿಳಿಯದ ಮನುಷ್ಯರ ಕುರಿತು ಹಿರಿಯರು ಮರುಗಿದ್ದಾರೆ. ಆ ಮರುಕವನ್ನು ಓದಿದಾಗಲೆಲ್ಲ ನಾವು ಅದು ಬೇರೆಯವರಿಗೆ ಹೇಳಿದ್ದೆಂದು ತಿಳಿಯುತ್ತೇವೆ. ಮೊಹರಪ್ಪನವರು ಮನೆಯವರೆಗೂ ನಡೆದರು, ಸ್ಟುಡಿಯೋದ ಬೀದಿಯನ್ನು ತಪ್ಪಿಸಿ.

ಮನೆಯ ಬಾಗಿಲು ಬೆಳಕಿಗಾಗಿ ತೆರೆದಿತ್ತು. ಬಾಗಿಲ ಪಕ್ಕದ ಬಕೆಟ್ಟಿನಲ್ಲಿ ನೊರೆ ಉಕ್ಕಿ ನಿಂತಿತ್ತು. ಹೆಂಡತಿ ಒಂದು ಅಂಗಿಯನ್ನು ಹಿಂಡುತ್ತಿದ್ದರು. ಕಿಟಕಿಯ ಮೇಲೆ ಆರು ಮೊಳೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಹೊಲಿಯುವವರು ಸೂಜಿಗಳನ್ನು ಇಡುವ ಹಾಗೆ.

ಮೊಹರಪ್ಪನವರು ಬಾಗಿಲಲ್ಲೇ ನಿಂತರು. "ಸಾಕ್ಷ್ಯ ತೊಳೆದುಹಾಕಿದೆಯಲ್ಲೇ," ಎಂದು ಕೂಗಲು ಬಾಯಿ ತೆರೆದರು; ಬೈಯಲು ಇನ್ನು ಉಳಿದಿದ್ದವರು ಆಕೆಯೊಬ್ಬರೇ. ಅಷ್ಟರಲ್ಲಿ ಆಕೆ ಅಂಗಿಯನ್ನು ಒದರಿದರು. ಅದು ಅವರದೇ ಅಂಗಿ, ಠಾಣೆಗೆ ಮತ್ತೆ ಹೋಗಬೇಕಾದರೆ ಇರಲೆಂದು ಒಗೆದದ್ದು. ಮೊಹರಪ್ಪನವರ ಬಾಯಿ ತೆರೆದೇ ಇತ್ತು. ಅದರಿಂದ ಬೇರೆಯದೇ ಮಾತು ಬಂತು, ಬಹಳ ಮೆಲ್ಲಗೆ.

"ತಪ್ಪು ನಂದೇ."

ಆಕೆ ತಲೆಯೆತ್ತಿ ಅವರ ಮುಖ ನೋಡಿದರು. "ಏನಂದ್ರಿ?"

ಮೊಹರಪ್ಪನವರು ಹಿಂದೆ ತಿರುಗಿ ನೋಡಿದರು. ಟೀಚರಮ್ಮ ತಮ್ಮ ಬೀಗ ತೆಗೆಯುತ್ತಿದ್ದರು. ಯಾಕೋ ಬೀಗ ತೆಗೆಯಲು ತಡವಾಗುತ್ತಿತ್ತು. "ತಪ್ಪು ನಂದೇ ಅಂದೆ," ಎಂದರು ಸ್ವಲ್ಪ ಗಟ್ಟಿಯಾಗಿ.

"ಕೇಳಿಸಲಿಲ್ಲ."

ಪಡಸಾಲೆಯ ಇನ್ನೆರಡು ಬಾಗಿಲು ತೆರೆದವು. ಏಳು ಸಾಕ್ಷಿಗಳಲ್ಲಿ ಐವರು ಹಾಜರಿದ್ದರು. ಮೊಹರಪ್ಪನವರು ಬಗ್ಗಿ, ಆಕೆಯ ಬಲಗಿವಿಗೆ ಬಾಯಿಟ್ಟು, ಎರಡು ಗಂಟೆಯ ಉಪನ್ಯಾಸದಲ್ಲಿಯೂ ಬಳಸದಿದ್ದ ದನಿಯಲ್ಲಿ, ಮೂರು ಮಹಡಿಗೂ ತಿಳಿಯುವಂತೆ, "ತಪ್ಪು ನಂದೇ" ಎಂದು ಕೂಗಿದರು.

"ಹೂಂ," ಎಂದು ಆಕೆ ಅಂಗಿಯನ್ನು ಹಗ್ಗಕ್ಕೆ ಹಾಕಿದರು.

ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಭಾವಮೈದುನ ಅಕ್ಕನ ಹತ್ತಿರ ಬಂದು, ಆಕೆಗೆ ಕಾಣುವಂತೆ ಎದುರು ನಿಂತು ಕೇಳಿದ: "ಅಕ್ಕ, ಮೊದಲನೇ ಸಲವೇ ನಿನಗೆ ಗೊತ್ತಾಯ್ತಲ್ವಾ? ಅವರ ತುಟೀನೇ ನೋಡ್ತಿದ್ದೆ ನೀನು."

"ಗೊತ್ತಾಯ್ತು," ಎಂದರು ಆಕೆ, ಅಂಗಿಯ ತೋಳನ್ನು ನೇರ ಮಾಡುತ್ತ. "ನಾನೂ ಅವರಿಗೆ ಮೂರು ಸಲ ಹೇಳಿದ್ದೆ. ಅವರ ಕಿವಿ ಎರಡೂ ಚೆನ್ನಾಗೇ ಇವೆ."